ಗೇಟಿನಾಚೆಯ ಅರ್ಧ ಗಂಟೆ: ಜೆ.ಸಿ. ರಸ್ತೆಯ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬೆಂಗಳೂರು ಕೇಂದ್ರ ನಗರ ಪಾಲಿಕೆ, ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ಮೂರು ಕಚೇರಿಗೆ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕೆಂದರೆ ನಾನು ಮಾತಾಡಬೇಕಾದ ಜಾಗ ನಿಮ್ಮಲ್ಲಿ ಯಾರೊಬ್ಬರಿಗೂ ಪೂರ್ತಿ ಸೇರಿದ್ದಲ್ಲ. ಪುರಭವನ ಪಾಲಿಕೆಯದ್ದು. ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಇವು ಇಲಾಖೆಯವು. ಇವುಗಳ ಮುಂದೆ ಹಾದುಹೋಗುವ ಜೆ.ಸಿ. ರಸ್ತೆ ಮಾತ್ರ ಎಲ್ಲರದ್ದೂ ಹೌದು, ಯಾರದ್ದೂ ಅಲ್ಲ. ಡಾಂಬರು ಒಬ್ಬರದ್ದು, ಸಿಗ್ನಲ್ ಇನ್ನೊಬ್ಬರದ್ದು, ಬಸ್‌ ಸ್ಟಾಪಿಗೆ ನಿಲ್ಲುವ ಬಸ್ಸು ಮತ್ತೊಬ್ಬರದ್ದು.

ಈ ಊರಿನ ಹಳೆಯ ಬಡಾವಣೆಗಳಿಗೆ ಕಲೆಯಿಂದ ಜೀವ ತುಂಬುತ್ತೇವೆ ಎಂದು ನೀವೆಲ್ಲ ಆಗಾಗ ಹೇಳುತ್ತೀರಿ. ಒಳ್ಳೆಯ ಮಾತು. ಆದರೆ ಅದಕ್ಕೆ ಹೊಸ ಜಾಗ ಹುಡುಕುವ ಮೊದಲು ಜೆ.ಸಿ. ರಸ್ತೆಯನ್ನು ಒಮ್ಮೆ ನೋಡಿ. ಒಂದು ತುದಿಯಲ್ಲಿ 1935ರ ಪುಟ್ಟಣ್ಣ ಚೆಟ್ಟಿ ಪುರಭವನ. ಅದರಿಂದ ಸ್ವಲ್ಪ ದೂರಕ್ಕೆ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ, 1963ರಲ್ಲಿ ಬಾಗಿಲು ತೆರೆದ ಕಲಾಕ್ಷೇತ್ರ. ಅದರ ಬೆನ್ನಿಗೆ ಸಂಸ, ಪಕ್ಕದಲ್ಲೇ ನಯನ. ಇದೇ ರಸ್ತೆಯಲ್ಲಿ ನೂರು ವರ್ಷ ದಾಟಿದ ಹವ್ಯಾಸಿ ನಾಟಕ ಸಂಸ್ಥೆ ಎ.ಡಿ.ಎ.ಯ ರಂಗಮಂದಿರ. ಐದು ವೇದಿಕೆ, ಒಂದರಿಂದ ಒಂದಕ್ಕೆ ನಡೆದೇ ಹೋಗಬಹುದು. ಬೆಂಗಳೂರಿನಲ್ಲಿ ಇಂಥ ಜಾಗ ಇನ್ನೆಲ್ಲಿದೆ ಹೇಳಿ.

ಮುಂಬೈಯ ಕಾಲಾ ಘೋಡಾ ಸುತ್ತ ಜಹಾಂಗೀರ್ ಗ್ಯಾಲರಿ, ಮ್ಯೂಸಿಯಂ, ಹಳೆಯ ಗ್ರಂಥಾಲಯ ಎಲ್ಲ ಹೀಗೇ ಒತ್ತೊತ್ತಾಗಿ ಇದ್ದವು. 1998ರಲ್ಲಿ ಅಲ್ಲಿನವರು ಒಂದು ಸಂಘ ಕಟ್ಟಿಕೊಂಡರು. ಮರುವರ್ಷ ಉತ್ಸವ ಶುರುಮಾಡಿದರು. ಅದರಿಂದ ಬಂದ ಹಣದಲ್ಲಿ ಸುತ್ತಲಿನ ಹಳೆಯ ಕಟ್ಟಡ, ಬೀದಿಗಳನ್ನು ರಿಪೇರಿ ಮಾಡಿಸಿದರು. ಅಲ್ಲಿದ್ದದ್ದೆಲ್ಲ ಮೊದಲೇ ಇತ್ತು. ಇವೆಲ್ಲ ಸೇರಿ ಒಂದು ಕೇರಿ ಅನ್ನುವ ಭಾವನೆ ಇರಲಿಲ್ಲ, ಅಷ್ಟೇ. ನಮ್ಮಲ್ಲಿ ಇವತ್ತಿಗೂ ಇಲ್ಲ. ಜೆ.ಸಿ. ರಸ್ತೆ ಅಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಕಾರಿನ ಸೀಟ್ ಕವರು.

ಅದರಲ್ಲಿ ತಪ್ಪೇನಿಲ್ಲ. ಬಿಡಿಭಾಗ ಮಾರುವವರು, ರಸ್ತೆ ಬದಿಯಲ್ಲೇ ಹಾರ್ನು, ಸ್ಟೀರಿಯೋ, ಮ್ಯಾಟು ಹಾಕಿಕೊಡುವ ಹುಡುಗರು ಈ ರಸ್ತೆಯನ್ನು ಹಗಲೆಲ್ಲ ಜೀವಂತ ಇಟ್ಟಿದ್ದಾರೆ. ಅವರನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ‘ಬಡಾವಣೆಯ ಪುನಶ್ಚೇತನ’ ಅಂದ ಕೂಡಲೇ ಮೊದಲು ಎತ್ತಂಗಡಿ ಆಗುವುದು ಇಂಥವರೇ. ಅವರ ಅಂಗಡಿಗಳು ಮುಚ್ಚಿದ ಮೇಲೆ ಈ ರಸ್ತೆಗೆ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಏನೂ ಆಗುವುದಿಲ್ಲ. ಶಟರ್ ಇಳಿಯುತ್ತದೆ. ಅಂಗಡಿಯ ದೀಪ ಆರಿದರೆ ಫುಟ್‌ಪಾತಿನ ಬೆಳಕೂ ಆರಿತು. ಜಾಗ ಖಾಲಿಯಾದ ಮೇಲೆ ವಾಹನಗಳು ಇನ್ನಷ್ಟು ಜೋರಾಗಿ ಓಡುತ್ತವೆ. ಅದೇ ಹೊತ್ತಿಗೆ ಕಲಾಕ್ಷೇತ್ರದಲ್ಲಿ ನಾಟಕ ಮುಗಿದು ನೂರಾರು ಜನ ಹೊರಗೆ ಬರುತ್ತಾರೆ. ಆವರಣದಲ್ಲಿ ಒಂದಷ್ಟು ಹೊತ್ತು ಹರಟೆ ನಡೆಯುತ್ತದೆ. ಕಲಾಕ್ಷೇತ್ರದ ಮೆಟ್ಟಿಲು, ಅಲ್ಲಿನ ಟೀ, ಅಲ್ಲಿನ ಜಗಳ ಇಲ್ಲದೆ ಕನ್ನಡ ರಂಗಭೂಮಿಯ ಅರ್ಧ ಕಥೆಯೇ ಇಲ್ಲ. ಆದರೆ ಗೇಟು ದಾಟಿದರೆ ಎಲ್ಲರೂ ಓಟ ಕಿತ್ತವರ ಹಾಗೆ ಚದುರುತ್ತಾರೆ. ಫೋನಿನಲ್ಲಿ ಆಟೋ ಹುಡುಕುತ್ತಾರೆ. ನಮ್ಮಂಥ ಹೆಂಗಸರು ಇಂಟರ್ವಲ್‌ನಲ್ಲೇ ಲೆಕ್ಕ ಹಾಕಿಕೊಂಡಿರುತ್ತೇವೆ: ಯಾರ ಜೊತೆ ಹೋಗುವುದು, ಎಲ್ಲಿಯವರೆಗೆ. ಕೊನೆಯ ದೃಶ್ಯ ನೋಡದೆ ಎದ್ದು ಹೋಗುವವರನ್ನು ಕಂಡು ನಟರು ಬೇಜಾರು ಮಾಡಿಕೊಳ್ಳುತ್ತಾರೆ. ಹಲವು ಸಲ ಅದು ನಾಟಕದ ತಪ್ಪಲ್ಲ, ಬಸ್ಸಿನ ತಪ್ಪು.

ಒಂದು ರಂಗಮಂದಿರ ತನ್ನ ಸುತ್ತಲಿನ ಕೇರಿಗೆ ಜೀವ ತುಂಬುವುದು ನಾಟಕ ನಡೆಯುವ ಎರಡು ಗಂಟೆಯಲ್ಲಿ ಅಲ್ಲ. ಆಗ ಜನ ಒಳಗೆ, ಕತ್ತಲಲ್ಲಿ ಕೂತಿರುತ್ತಾರೆ. ಕೇರಿಗೆ ಲಾಭ ಆಗುವುದು ನಾಟಕಕ್ಕೆ ಮೊದಲಿನ ಅರ್ಧ ಗಂಟೆ, ಮುಗಿದ ಮೇಲಿನ ಅರ್ಧ ಗಂಟೆ. ಆಗಲೇ ಜನ ತಿನ್ನುತ್ತಾರೆ, ನಿಲ್ಲುತ್ತಾರೆ, ಪುಸ್ತಕ ಕೊಳ್ಳುತ್ತಾರೆ, ಪರಿಚಯ ಮಾಡಿಕೊಳ್ಳುತ್ತಾರೆ, ‘ನಾಳೆ ಏನಿದೆ’ ಅಂತ ಕೇಳುತ್ತಾರೆ. ಜೆ.ಸಿ. ರಸ್ತೆಯಲ್ಲಿ ನಾವು ವೇದಿಕೆ ಕಟ್ಟಿದೆವು, ಈ ಅರ್ಧ ಗಂಟೆಯನ್ನು ಕಟ್ಟಲಿಲ್ಲ.

ಜೆ.ಪಿ. ನಗರದ ರಂಗಶಂಕರ ಅದನ್ನು ಕಟ್ಟಿತು. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು 2004ರಲ್ಲಿ ಅದನ್ನು ತೆರೆದಾಗ, ಅಷ್ಟು ದೂರ ಯಾರು ಹೋಗುತ್ತಾರೆ ಅಂದವರು ಕಡಿಮೆ ಇರಲಿಲ್ಲ. ಅವರು ಎರಡು ಹಟ ಹಿಡಿದರು. ಸೋಮವಾರ ಬಿಟ್ಟು ದಿನಾ ನಾಟಕ ಇರಬೇಕು. ಏಳೂವರೆಗೆ ಬಾಗಿಲು ಹಾಕಬೇಕು, ತಡವಾಗಿ ಬಂದವರು ಯಾರೇ ಆಗಲಿ, ಒಳಗೆ ಬಿಡುವುದಿಲ್ಲ. ಈ ಎರಡನೇ ನಿಯಮಕ್ಕೆ ಬೈಸಿಕೊಂಡಷ್ಟು ಅವರು ಇನ್ಯಾವುದಕ್ಕೂ ಬೈಸಿಕೊಂಡಿರಲಿಕ್ಕಿಲ್ಲ. ಆದರೆ ಫಲ ನೋಡಿ. ಏಳೂವರೆಗೆ ಬಾಗಿಲು ಹಾಕುತ್ತಾರೆ ಅಂತ ಗೊತ್ತಿರುವ ಬೆಂಗಳೂರಿನವರು ಏಳಕ್ಕೇ ಬಂದು ನಿಲ್ಲುತ್ತಾರೆ. ಬಂದವರು ಸುಮ್ನೆ ನಿಲ್ಲುವುದಿಲ್ಲ, ಅಲ್ಲಿನ ಕೆಫೆಯಲ್ಲಿ ತಿನ್ನುತ್ತಾ ಹರಟುತ್ತಾರೆ. ಇವತ್ತು ಏನು ನಾಟಕ ಅಂತ ಗೊತ್ತಿಲ್ಲದೆಯೂ ‘ಹೋಗಿ ನೋಡೋಣ’ ಅಂತ ಹೊರಡುವ ಜನ ಹುಟ್ಟಿದ್ದು ಹಾಗೆ. ದಿನಾ ಇರುತ್ತದೆ ಅನ್ನುವ ಭರವಸೆ ಇಲ್ಲದಿದ್ದರೆ ಯಾರೂ ಹಾಗೆ ಹೊರಡುವುದಿಲ್ಲ.

ಕಲಾಕ್ಷೇತ್ರದಲ್ಲಿ ಆ ಭರವಸೆ ಇಲ್ಲ. ಇವತ್ತು ನಾಟಕ, ನಾಳೆ ಜಯಂತಿ, ನಾಡಿದ್ದು ಯಾರದ್ದೋ ಸನ್ಮಾನ. ಜಯಂತಿ, ಸನ್ಮಾನ ಬೇಡ ಅಂತಲ್ಲ. ಹಾರ ಹಾಕಿ ಶಾಲು ಹೊದಿಸುವ ಕೆಲಸಕ್ಕೆ ಬೆಳಕಿನ ವ್ಯವಸ್ಥೆ ಇರುವ ರಂಗಮಂದಿರವೇ ಬೇಕೇ ಅನ್ನುವುದಷ್ಟೇ ನನ್ನ ಸಂಶಯ. ಪುರಭವನ ಅದಕ್ಕೆ ಸಾಕಲ್ವಾ?

ಇನ್ನು ಗೋಡೆಯ ಬಣ್ಣದ ವಿಷಯ. ಬಡಾವಣೆಗೆ ಕಲೆ ಅಂದರೆ ಸರ್ಕಾರಕ್ಕೆ ಮೊದಲು ಹೊಳೆಯುವುದು ಗೋಡೆಯ ಚಿತ್ರ. 2009ರ ಸುಮಾರಿಗೆ ಪಾಲಿಕೆ ಊರಿನ ಗೋಡೆಗಳ ಮೇಲೆ ಚಿತ್ರ ಬರೆಸಿತು. ಜಲಪಾತ, ಕಾಡುಪ್ರಾಣಿ, ಸ್ಮಾರಕ, ಪುರಾಣದ ದೃಶ್ಯ. ಪೇಂಟರ್‌ಗಳಿಗೆ ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಗಿತ್ತು. ಸಿನಿಮಾ ಹೋರ್ಡಿಂಗು, ಅಂಗಡಿ ಬೋರ್ಡು ಬರೆಯುತ್ತಿದ್ದ ಕೈಗಳಿಗೆ ಒಂದಷ್ಟು ದಿನ ಕೂಲಿ ಸಿಕ್ಕಿತು. ಅದಕ್ಕಾಗಿ ನಾನು ಆ ಯೋಜನೆಯನ್ನು ಇವತ್ತಿಗೂ ಹೊಗಳುತ್ತೇನೆ. ಆದರೆ ಬಣ್ಣ ಮಾಸಿತು, ಪೋಸ್ಟರ್ ಅಂಟಿತು, ಮುಂದೇನು ಅಂತ ಯಾರೂ ಕೇಳಲಿಲ್ಲ. ಗೋಡೆಯ ಚಿತ್ರ ಕಾರಿನಲ್ಲಿ ಹೋಗುವವನಿಗೆ. ನಿಂತು ನೋಡುವವನಿಗೆ ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ.

ಬಣ್ಣಕ್ಕೆ ಬೆಲೆ ಇಲ್ಲವೇ ಇಲ್ಲ ಅಂತ ನಾನು ಹೇಳಲಾರೆ. ಕಸ ಸುರಿಯುವ ಮೂಲೆಯನ್ನು ಗುಡಿಸಿ ಅಲ್ಲಿ ರಂಗೋಲಿ ಹಾಕುವ ಪೌರಕಾರ್ಮಿಕ ಹೆಂಗಸರನ್ನು ನೋಡಿದ್ದೇವೆ. ರಂಗೋಲಿ ತುಳಿಯಲು ನಮ್ಮ ಜನ ಹಿಂದೆಮುಂದೆ ನೋಡುತ್ತಾರೆ, ಅದು ಆ ಹೆಂಗಸರಿಗೆ ಯಾವ ಸಲಹೆಗಾರರೂ ಹೇಳಿಕೊಡಬೇಕಾದ ವಿಷಯವಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದರು. 2019ರಲ್ಲಿ ಗುಂಡಿ ಬಿದ್ದ ಇನ್ನೊಂದು ರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ನಡೆಸಿ ಅದನ್ನು ಚಂದ್ರಲೋಕ ಮಾಡಿದರು. ದೇಶವೆಲ್ಲ ನಕ್ಕಿತು, ಗುಂಡಿ ಮುಚ್ಚಿತು. ಇವು ಕೆಲಸ ಮಾಡಿದ್ದು ಚೆಂದ ಕಾಣಿಸಿದ್ದಕ್ಕಲ್ಲ. ಆ ಮೂಲೆಯಲ್ಲಿ ಏನು ತಪ್ಪಿದೆ ಅಂತ ಆ ಮೂಲೆಯಲ್ಲೇ ನಿಂತು ನೋಡಿ ಮಾಡಿದ್ದಕ್ಕೆ. ನಿಮ್ಮ ಟೆಂಡರುಗಳಲ್ಲಿ ಇರುವುದು ಚದರ ಅಡಿಗೆ ಎಷ್ಟು ಅನ್ನುವ ಲೆಕ್ಕ. ಆ ಲೆಕ್ಕದಲ್ಲಿ ಮೊಸಳೆ ಹುಟ್ಟುವುದಿಲ್ಲ.

ರಸ್ತೆಯಲ್ಲಿ ಜನ ಸೇರಿಸುವುದು ಕಷ್ಟ, ಟ್ರಾಫಿಕ್ ಏನಾಗಬೇಕು ಅಂತ ನೀವು ಕೇಳುತ್ತೀರಿ, ಗೊತ್ತು. ಬೆಂಗಳೂರಿಗೆ ಇದು ಹೊಸದಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆ ಕಡಲೆಕಾಯಿಯ ರಾಶಿಗೆ ಜಾಗ ಬಿಡುತ್ತದೆ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಟರೆ ಇಡೀ ಪೇಟೆ ಬೆಳಗಿನವರೆಗೆ ಎದ್ದಿರುತ್ತದೆ. ತಿಗಳರಪೇಟೆಯಿಂದ ಹೊರಟ ಮೆರವಣಿಗೆ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಚಿತ್ರಕಲಾ ಪರಿಷತ್ತು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸುತ್ತಿದೆ. ಮುಖ್ಯಮಂತ್ರಿಗಳ ಕಚೇರಿ ಇರುವ ‘ಕೃಷ್ಣಾ’ದ ಆಸುಪಾಸಿನಲ್ಲೇ! ಅಲ್ಲಿ ರಸ್ತೆ ಮುಚ್ಚಲು ಸಾಧ್ಯವಾದರೆ ಜೆ.ಸಿ. ರಸ್ತೆಯ ಒಂದು ಬದಿಯನ್ನು ತಿಂಗಳಿಗೊಂದು ಭಾನುವಾರ ಸಂಜೆ ಬಿಡಿಸಿಕೊಳ್ಳುವುದು ಯಾಕೆ ಆಗದು? 2020ರ ನವೆಂಬರಿನಿಂದ ಕೆಲವು ತಿಂಗಳು ವಾರದ ಕೊನೆಗೆ ಚರ್ಚ್ ಸ್ಟ್ರೀಟಿಗೆ ವಾಹನ ಬಿಡದೆ ನೋಡಿದಿರಿ. ಜನ ಬಂದರು.

ಆದರೆ ಚರ್ಚ್ ಸ್ಟ್ರೀಟಿನ ಹೆಸರು ಎತ್ತಿದ ಮೇಲೆ ಬಾಡಿಗೆಯ ಮಾತೂ ಆಡಬೇಕು. ಕಲೆ, ಪುಸ್ತಕ, ಹರಟೆ ಇರುವ ಬೀದಿಗೆ ಜನ ಬರುತ್ತಾರೆ. ಜನ ಬಂದ ಕಡೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದರೆ ಪುಸ್ತಕದಂಗಡಿಗಿಂತ ಬಿಯರ್ ಮಾರುವವನಿಗೆ ಗಿಟ್ಟುತ್ತದೆ. ಆ ಭಾಗದಲ್ಲೇ ಇದ್ದ ಪ್ರೀಮಿಯರ್ ಬುಕ್ ಶಾಪ್ 2009ರಲ್ಲಿ ಬಾಗಿಲು ಹಾಕಿದಾಗ ಎಷ್ಟು ಜನ ಮರುಗಿದರು! ನ್ಯೂಯಾರ್ಕಿನ ಸೋಹೋ ಬಡಾವಣೆಯಲ್ಲಿ ಖಾಲಿ ಬಿದ್ದ ಕಾರ್ಖಾನೆಗಳಲ್ಲಿ ಕಲಾವಿದರು ಇರಬಹುದು ಅಂತ 1971ರಲ್ಲಿ ಕಾನೂನನ್ನೇ ತಿದ್ದಿದರು. ಕೇರಿಗೆ ಹೆಸರು ಬಂತು. ಆಮೇಲೆ ಅಲ್ಲಿ ಬಾಡಿಗೆ ಕಟ್ಟಲು ಕಲಾವಿದರ ಕೈಲೇ ಆಗಲಿಲ್ಲ.

ಜೆ.ಸಿ. ರಸ್ತೆಯ ದೊಡ್ಡ ಅದೃಷ್ಟ ಇರುವುದು ಇಲ್ಲೇ. ಇಲ್ಲಿನ ಐದು ವೇದಿಕೆಗಳಲ್ಲಿ ನಾಲ್ಕು ಸಾರ್ವಜನಿಕರ ಆಸ್ತಿ. ಮಾರುಕಟ್ಟೆಯಲ್ಲಿ ಏನೇ ಆದರೂ ಇವುಗಳ ಬಾಡಿಗೆ ಎಷ್ಟಿರಬೇಕು ಅಂತ ತೀರ್ಮಾನ ಮಾಡುವವರು ನೀವು. ಹವ್ಯಾಸಿ ತಂಡಕ್ಕೆ ಕೈಗೆಟುಕುವ ದರ ಇಟ್ಟರೆ ಯಾವ ಬಿಲ್ಡರೂ ಅವರನ್ನು ಓಡಿಸಲಾರ. ಹಾಗಾಗಿ ದಯವಿಟ್ಟು ಒಂದು ಮಾತು ಕೊಡಿ: ನಿರ್ವಹಣೆಗೆ ದುಡ್ಡಿಲ್ಲ ಅನ್ನುವ ನೆಪದಲ್ಲಿ ಇವುಗಳಲ್ಲಿ ಯಾವುದನ್ನೂ ಖಾಸಗಿಯವರ ಕೈಗೆ ಒಪ್ಪಿಸುವುದಿಲ್ಲ ಅಂತ. ಸರ್ಕಾರದ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದ ಆದಾಗ 2015, 2016ರಲ್ಲಿ ಕಲಾವಿದರು ಬೀದಿಗೆ ಇಳಿದರು. ಅವರ ವಿರೋಧ ಇದ್ದದ್ದು ಹಣದ ಮೇಲಲ್ಲ. ಈಗಷ್ಟೇ ಕಾಲೇಜು ಮುಗಿಸಿದ ಹುಡುಗ ಅಲ್ಲಿ ಅಗ್ಗದ ಬಾಡಿಗೆಗೆ ತನ್ನ ಮೊದಲ ಪ್ರದರ್ಶನ ಇಡಬಹುದಿತ್ತು. ಆ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಅದು.

ಅಂದ ಹಾಗೆ, ಈ ಕೇರಿಯಲ್ಲಿ ಇರುವವರು ಯಾರು? ಒಂದು ಬದಿ ಕಲಾಸಿಪಾಳ್ಯ, ಆಚೆ ಮಾರ್ಕೆಟ್ಟು, ಎಸ್.ಜೆ.ಪಿ. ರಸ್ತೆ. ಮೂಟೆ ಹೊರುವವರು, ಲಾರಿ ಆಫೀಸಿನವರು, ಹೂವು ಕಟ್ಟುವವರು, ವರ್ಕ್‌ಶಾಪಿನ ಹುಡುಗರು. ಮನೆಯಲ್ಲಿ ಉರ್ದು, ತಮಿಳು, ತೆಲುಗು, ಬೀದಿಯಲ್ಲಿ ಕನ್ನಡ. ಸ್ವಲ್ಪ ಆಚೆ ಬಳೆಪೇಟೆಯಲ್ಲಿ ಹಾರ್ಮೋನಿಯಂ, ತಬಲ, ಮೃದಂಗದ ಅಂಗಡಿಗಳು ಇವೆ. ಕಲಾಕ್ಷೇತ್ರದಲ್ಲಿ ಬಾರಿಸುವ ವಾದ್ಯಕ್ಕೆ ಚರ್ಮ ಬಿಗಿಯುವವರು ಇಂಥ ಕಡೆಯೇ ಇರುತ್ತಾರೆ. ಇವರಲ್ಲಿ ಎಷ್ಟು ಜನ ಕಲಾಕ್ಷೇತ್ರದ ಒಳಗೆ ಕಾಲಿಟ್ಟಿದ್ದಾರೆ? ಕಾವಲುಗಾರ ತಡೆಯುವುದಿಲ್ಲ ನಿಜ. ಆದರೆ ‘ಇದು ನಮ್ಮಂಥವರಿಗಲ್ಲ’ ಅಂತ ಹೇಳಲು ಕಾವಲುಗಾರನೇ ಬೇಕಿಲ್ಲ. ಆ ಎತ್ತರದ ಕಟ್ಟಡ, ಕಾರು ತುಂಬಿದ ಅಂಗಳ ಸಾಕು.

ಸಂಸ ಬಯಲು ರಂಗಮಂದಿರ ಇದಕ್ಕೆ ಉತ್ತರ ಆಗಬಲ್ಲದು. ಎಪ್ಪತ್ತರ ದಶಕದ ಶುರುವಿನಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಆಡಿಸಿದ ನಾಟಕಗಳು ಬೆಂಗಳೂರಿನ ರಂಗಭೂಮಿಯ ದಿಕ್ಕನ್ನೇ ಬದಲಿಸಿದವು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. ಚಾವಣಿ ಇಲ್ಲದ, ಎ.ಸಿ. ಇಲ್ಲದ ಜಾಗ. ಅಲ್ಲಿ ವಾರಕ್ಕೊಂದು ಸಂಜೆಯನ್ನು ಈ ಸುತ್ತಿನ ಜನರಿಗೇ ಬಿಟ್ಟುಕೊಡಿ. ತಮಟೆ ಮೇಳ ಇರಲಿ, ಉರ್ದು ಕವಿಗೋಷ್ಠಿ ಮುಶಾಯಿರಾ ಇರಲಿ, ಶಾಲೆ ಮಕ್ಕಳ ನಾಟಕ ಇರಲಿ, ಮದುವೆ ಸೀಸನ್ ಇಲ್ಲದಾಗ ಬ್ಯಾಂಡ್‌ಸೆಟ್ಟಿನವರು ತಮಗೆ ಇಷ್ಟ ಬಂದದ್ದನ್ನು ನುಡಿಸಲಿ. ಟಿಕೆಟ್ ಬೇಡ, ಮುಖ್ಯ ಅತಿಥಿಯೂ ಬೇಡ. ಎರಡನೆಯದನ್ನು ಕೈಬಿಡುವುದು ನಿಮಗೆ ಮೊದಲನೆಯದಕ್ಕಿಂತ ಕಷ್ಟ ಅಂತ ಗೊತ್ತು.

ಇನ್ನೊಂದು ಕೆಲಸವೂ ಇದೆ. ಊರಿನ ನಾಟಕ ತಂಡಗಳಿಗೆ ವೇದಿಕೆಗಿಂತ ಜಾಸ್ತಿ ಕೊರತೆ ಇರುವುದು ತಾಲೀಮಿನ ಜಾಗಕ್ಕೆ. ಒಂದು ಪ್ರದರ್ಶನಕ್ಕೆ ತಿಂಗಳುಗಟ್ಟಲೆ ತಾಲೀಮು ಬೇಕು. ಯಾರದ್ದೋ ಮನೆಯ ತಾರಸಿ, ಶಾಲೆಯ ಕೋಣೆ, ಪಾರ್ಕಿನ ಮೂಲೆ, ಹೀಗೆ ಅಲೆಯುತ್ತಾರೆ. ಪಾರ್ಕಿನಲ್ಲಿ ಜೋರಾಗಿ ಸಂಭಾಷಣೆ ಹೇಳಿದರೆ ವಾಕಿಂಗ್ ಬಂದವರು ದೂರು ಕೊಡುತ್ತಾರೆ. ಈ ಭಾಗದ ಸರ್ಕಾರಿ ಕಟ್ಟಡಗಳಲ್ಲಿ ಸಂಜೆ ಆರಕ್ಕೆ ಬೀಗ ಬೀಳುವ ಕೋಣೆಗಳಿವೆ. ಗಂಟೆಗಿಷ್ಟು ಅಂತ ಸಣ್ಣ ದರ ಇಟ್ಟು ಅವನ್ನು ತಾಲೀಮಿಗೆ ಕೊಡಿ. ಆಗ ನೋಡಿ, ಪ್ರದರ್ಶನ ಇಲ್ಲದ ದಿನವೂ ರಸ್ತೆಯಲ್ಲಿ ಒಂಬತ್ತರವರೆಗೆ ಹುಡುಗ ಹುಡುಗಿಯರು ಓಡಾಡುತ್ತಾರೆ. ಅವರು ಇದ್ದಾರೆ ಅಂದರೆ ಇಡ್ಲಿ ಗಾಡಿ ಬರುತ್ತದೆ. ಗಾಡಿ ಬಂದರೆ ಬೆಳಕು ಬರುತ್ತದೆ. ಬೆಳಕಿದ್ದ ಕಡೆ ನಮಗೆ ನಡೆಯಲು ಭಯ ಇಲ್ಲ. ಆ ಗಾಡಿಯವನನ್ನು ಮಾತ್ರ ಎಬ್ಬಿಸಬೇಡಿ, ಅಷ್ಟು ಉಪಕಾರ ಮಾಡಿ.

ಮಿನರ್ವಾ ವೃತ್ತದ ಕಡೆಯಿಂದ ಹಡ್ಸನ್ ವೃತ್ತದ ಕಡೆಗೆ ಜೆ.ಸಿ. ರಸ್ತೆಯ ಮೇಲೆ ಫ್ಲೈಓವರ್ ಕಟ್ಟುವ ಮಾತು ವರ್ಷಗಳಿಂದ ಇದೆ. ಒಮ್ಮೆ ಮಲಗುತ್ತದೆ, ಮತ್ತೆ ಏಳುತ್ತದೆ. ಸಿರ್ಸಿ ವೃತ್ತದಿಂದ ಮಾರ್ಕೆಟ್ ಮೇಲೆ ಹಾದು ಬರುವ ಫ್ಲೈಓವರ್ ಆಗಲೇ ಪುರಭವನದ ಹತ್ತಿರ ಇಳಿಯುತ್ತದೆ. ಅದರ ಬುಡದಲ್ಲಿ ರಸ್ತೆ ದಾಟಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮಿನರ್ವಾ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಯಿತು, ವೃತ್ತಕ್ಕೆ ಹೆಸರು ಮಾತ್ರ ಉಳಿದಿದೆ. ಕಲಾಕ್ಷೇತ್ರಕ್ಕೆ ಹಾಗಾಗುವುದಿಲ್ಲ ಬಿಡಿ, ಕಟ್ಟಡ ಇದ್ದೇ ಇರುತ್ತದೆ. ಆದರೆ ಅದರ ಮುಂದೆ ಕಂಬಗಳು ನಿಂತು, ಫುಟ್‌ಪಾತು ಇನ್ನಷ್ಟು ಸಣ್ಣದಾಗಿ, ಮೇಲೆ ಹೋಗುವವರಿಗೆ ಕೆಳಗೊಂದು ಕೇರಿ ಇದೆ ಅಂತಲೇ ಗೊತ್ತಾಗದಿದ್ದರೆ ನಾಟಕಕ್ಕೆ ಬರುವವರು ಎಲ್ಲಿ ನಿಲ್ಲಬೇಕು? ಆ ಯೋಜನೆಯ ನಕ್ಷೆಯಲ್ಲಿ ನಡೆಯುವವರಿಗೆ ಎಷ್ಟು ಅಡಿ ಬಿಟ್ಟಿದ್ದೀರಿ ಅಂತ ಕೆಲಸ ಶುರುವಾಗುವ ಮೊದಲೇ ಜನರ ಮುಂದಿಡಿ. ಕೊನೆಗೆ ಕಂಬಗಳ ಮೇಲೆ ಯಕ್ಷಗಾನದ ಮುಖ ಬರೆಸಿ ‘ಕಲೆಗೂ ಜಾಗ ಕೊಟ್ಟಿದ್ದೇವೆ’ ಅಂತ ಮಾತ್ರ ಹೇಳಬೇಡಿ.

ಇಷ್ಟಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣ 2017ರಲ್ಲೇ ಬಂದಿದೆ. ಅಲ್ಲಿಂದ ಪುರಭವನ, ಕಲಾಕ್ಷೇತ್ರ ದಾಟಿ ಎ.ಡಿ.ಎ.ವರೆಗೆ ಎಡವದೆ ನಡೆಯುವಂಥ ಫುಟ್‌ಪಾತು, ಅಂಗಡಿ ಮುಚ್ಚಿದರೂ ಉರಿಯುವ ದೀಪ, ಕಲಾಕ್ಷೇತ್ರದ ಮುಂದೆ ದಾಟಲು ಒಂದು ಸಿಗ್ನಲ್ ಮಾಡಿಕೊಡಿ. ಐದೂ ವೇದಿಕೆಗಳ ಕಾರ್ಯಕ್ರಮ ಒಂದೇ ಹಾಳೆಯಲ್ಲಿ ಅಚ್ಚಾಗಿ, ಮೆಟ್ರೋ ನಿಲ್ದಾಣದಲ್ಲೂ ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲೂ ಅಂಟಿರಲಿ. ಕನ್ನಡದ ಜೊತೆಗೆ ಉರ್ದು, ತಮಿಳಿನಲ್ಲೂ ನಾಲ್ಕು ಸಾಲು ಇದ್ದರೆ ಕನ್ನಡಕ್ಕೇನೂ ನಷ್ಟವಿಲ್ಲ, ಪ್ರೇಕ್ಷಕರು ಹೆಚ್ಚುತ್ತಾರೆ.

ಇದನ್ನೆಲ್ಲ ಯಾರು ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ನಾವು ದೂರು ಹೇಳಲು ವಾರ್ಡಿನಲ್ಲಿ ಒಂದು ಮುಖವೇ ಇಲ್ಲದೆ ವರ್ಷಗಳು ಕಳೆದವು. 2025ರಲ್ಲಿ ಒಂದು ಪಾಲಿಕೆ ಐದಾಯಿತು. ಈ ಹೊಸ ವ್ಯವಸ್ಥೆ ಬಂದದ್ದೇ ಬೇರೆ ಬೇರೆ ಇಲಾಖೆಗಳನ್ನು ಒಂದು ಮೇಜಿಗೆ ತರಲು ಅಂತ ಹೇಳಿದ್ದಿರಿ. ಹಾಗಾದರೆ ಆ ಮೇಜಿಗೆ ಮೊದಲು ಜೆ.ಸಿ. ರಸ್ತೆಯನ್ನು ತನ್ನಿ. ಮೂರು ಕಚೇರಿಯಿಂದ ಒಬ್ಬೊಬ್ಬರು, ಸಂಚಾರ ಪೊಲೀಸರಿಂದ ಒಬ್ಬರು, ಬಿಡಿಭಾಗದ ಅಂಗಡಿಯವರಿಂದ, ನಾಟಕ ತಂಡಗಳಿಂದ, ಕಲಾಸಿಪಾಳ್ಯದ ನಿವಾಸಿಗಳಿಂದ ಒಂದಿಬ್ಬರು ಇರುವ ಸಣ್ಣ ಸಮಿತಿ ಮಾಡಿ. ಅದರ ಮೊದಲ ಸಭೆಯನ್ನು ವಿಕಾಸಸೌಧದಲ್ಲಿ ಇಡಬೇಡಿ. ಸಂಸ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ, ಸಂಜೆ ಏಳಕ್ಕೆ ಇಡಿ. ಮುಗಿದ ಮೇಲೆ ಕಾರನ್ನು ಮುಂದೆ ಕಳಿಸಿ, ಮೆಟ್ರೋ ನಿಲ್ದಾಣದವರೆಗೆ ನಡೆದು ಹೋಗಿ. ದಾರಿಯಲ್ಲಿ ಎಲ್ಲೆಲ್ಲಿ ರಸ್ತೆಗೆ ಇಳಿಯಬೇಕಾಯಿತು ಅಂತ ಬರೆದುಕೊಳ್ಳಿ. ಆ ಪಟ್ಟಿಯೇ ನಿಮ್ಮ ಮೊದಲ ಕಾಮಗಾರಿ.

ಸಭೆಯ ದಿನಾಂಕವನ್ನು ಪತ್ರಿಕೆಗಳಲ್ಲಿ ತಿಳಿಸಿದರೆ ನಾವೂ ಬರುತ್ತೇವೆ.

ಇಂತಿ,
ಕಲಾಕ್ಷೇತ್ರದ ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಪ್ರೇಕ್ಷಕಿ
ಬೆಂಗಳೂರು